ಟ್ಯಾಲಿ ಆಗದ 1.4 ವೋಲ್ಟು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಭಾನುವಾರ ಬೆಳಿಗ್ಗೆ ಕಾಂಪೌಂಡಿನೊಳಗೆ ಹಳೇ ಬೆಡ್‌ಶೀಟು ಹಾಸಿ, ಸ್ಪ್ಯಾನರು, ಎಮೆರಿ ಪೇಪರು, ಸವೆದ ಟೂತ್ ಬ್ರಶ್ಶು ಹರಡಿಕೊಂಡು, ಪಂಚೆ ಎತ್ತಿ ಕಟ್ಟಿ, ಹಳೇ ಜಾವಾ ಬೈಕೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಹಲ್ಲಿನ ನಡುವೆ ಇನ್ಸುಲೇಶನ್ ಟೇಪು. ಟೇಪು ಬಾಯಲ್ಲಿರುವ ತನಕ ದಾರಿಹೋಕರು ಕ್ಷೇಮ. ತೆಗೆದರೆಂದರೆ ಅರ್ಧ ಗಂಟೆ ನಿಮ್ಮದಲ್ಲ. ನಮ್ಮ ಬೀದಿಯವರನ್ನು ರಾಯರು ಅನ್ನೋಣ. ಬ್ಯಾಂಕಿನಿಂದ ನಿವೃತ್ತರು. ಕರೆಂಟಿನ ವಿಚಾರ ಅವರು ಓದಿದ್ದು ಪಿಯುಸಿ ತನಕ, ಮಿಕ್ಕಿದ್ದೆಲ್ಲ ಧೈರ್ಯ.

ಗಾಡಿಯ ಚರಿತ್ರೆ ಕೇಳದೆ ಯಾರೂ ಆ ಗೇಟು ದಾಟಿಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು, ಜಯಚಾಮರಾಜ ಒಡೆಯರು ಉದ್ಘಾಟನೆಗೆ ಬಂದದ್ದು, ಚೆಕೊಸ್ಲೊವಾಕಿಯಾದ ಗಾಡಿ ನಮ್ಮೂರಿನ ಗಾಡಿಯಾದದ್ದು, 1973ರ ಹೊತ್ತಿಗೆ ಹೆಸರು ಯೆಜ್ಡಿ ಅಂತಾದದ್ದು, ಎಲ್ಲವೂ ತಾವೇ ಪಕ್ಕದಲ್ಲಿ ನಿಂತು ಸಾಕ್ಷಿ ಸಹಿ ಹಾಕಿದ ಧಾಟಿಯಲ್ಲಿ ಬರುತ್ತದೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು ಅನ್ನುವಾಗ ಮಾತ್ರ ದನಿ ಇಳಿಯುತ್ತದೆ. ಅವರ ಬ್ಯಾಂಕನ್ನೇ ಇನ್ನೊಂದು ಬ್ಯಾಂಕು ನುಂಗಿದಾಗಲೂ ದನಿ ಅಷ್ಟು ಇಳಿದಿರಲಿಲ್ಲ. 2018ರಲ್ಲಿ ಹೊಸ ಜಾವಾ ಬಂದ ಸುದ್ದಿ ಹೇಳಿದರೆ, "ಬಟನ್ ಒತ್ತಿದ್ರೆ ಸ್ಟಾರ್ಟ್ ಆಗತ್ತಂತೆ. ಅದೂ ಒಂದು ಗಾಡೀನಾ?" ಅನ್ನುತ್ತಾರೆ.

ರಾಯರ ಜಾವಾ ಬಟನ್ನಿಗಿರಲಿ, ಒದೆತಕ್ಕೂ ಬಗ್ಗುತ್ತಿರಲಿಲ್ಲ. ಈ ಗಾಡಿಯ ಗೇರಿನ ಲಿವರೇ ಕಿಕ್ಕರು, ಅದೂ ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿಕೊಂಡು ತುಳಿಯಬೇಕು. ಗೊತ್ತಿಲ್ಲದವರು ಬಲಗಡೆ ಹುಡುಕಾಡಿ, ಬಿದ್ದುಹೋಗಿದೆ ಅಂತ ತೀರ್ಮಾನಿಸುತ್ತಾರೆ. ಕೀಲಿಯೂ ಅಷ್ಟೇ, ಒಂದು ದಪ್ಪ ಮೊಳೆಯ ಥರದ ಕಡ್ಡಿ. ಆ ಕಾಲದಲ್ಲಿ ನಿಜವಾದ ಮೊಳೆ ಚುಚ್ಚಿಯೇ ಎಷ್ಟೋ ಜನ ಗಾಡಿ ಓಡಿಸಿದ್ದಾರೆ. ಮೊದಲು ಕಾರ್ಬ್ಯುರೇಟರಿನ ಮೇಲಿನ ಪುಟ್ಟ ಪಿನ್ನನ್ನು, ಪೆಟ್ರೋಲು ಬೆರಳಿಗೆ ತಾಕುವ ತನಕ ಒತ್ತಬೇಕು. ಆಮೇಲೆ ಕಿಕ್ಕು, ಮತ್ತೆ ಕಿಕ್ಕು, ಬೆವರು, ಮೇಲಿನ ಮಹಡಿಯಿಂದ ಹೆಂಡತಿಯ ದನಿ: "ರೀ, ಆಟೋ ಕರೀಲಾ?"

ರೋಗ ಪತ್ತೆಗೆ ರಾಯರು ಹಿಡಿದ ದಾರಿ ಪದ್ಧತಿಯದೇ. ಪ್ಲಗ್ಗು ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು ಕಿಕ್ ಹೊಡೆದರೆ ಕಿಡಿ ಕಾಣುತ್ತದೆ. ನೀಲಿಯಾಗಿ ಚಟ್ಟನೆ ಹಾರಿದರೆ ಸರಿ. ಹಳದಿಗೆ ತಿರುಗಿ ಸೊರಗಿದ್ದರೆ ಕಾಯಿಲೆ ಕರೆಂಟಿನದು. ಹೀಗೆ ತಾಗಿಸಿ ಹಿಡಿಯಲು ಇನ್ನೊಂದು ಕೈ ಬೇಕು. "ಬಾರೋ ಮರಿ, ಇದನ್ನ ಹಿಡ್ಕೊ, ಏನೂ ಆಗಲ್ಲ" ಅಂತ ಟ್ಯೂಷನ್ನಿಗೆ ಹೊರಟಿದ್ದ ಎದುರುಮನೆ ಹುಡುಗನನ್ನು ಕರೆದರು. ಪ್ಲಗ್ಗಿನ ಕ್ಯಾಪಿಗೆ ಬರುವುದು ಬ್ಯಾಟರಿಯ ಆರು ವೋಲ್ಟಲ್ಲ, ಕಾಯಿಲ್ಲು ಅದನ್ನು ಸಾವಿರಗಟ್ಟಲೆ ವೋಲ್ಟಿಗೆ ಏರಿಸಿರುತ್ತದೆ ಎಂಬುದನ್ನು ಹುಡುಗ ಅವತ್ತು ಪುಸ್ತಕವಿಲ್ಲದೆ ಕಲಿತ. ಅವನು ಚೀರಿ ಹಿಂದಕ್ಕೆ ಹಾರಿದ್ದನ್ನು ಕಂಡು ರಾಯರು, "ನೋಡಿದ್ರಾ, ಕಾಯಿಲ್ಲು ಸತ್ತಿಲ್ಲ" ಅಂತ ಸಮಾಧಾನಪಟ್ಟರು.

ಕಂಡೆನ್ಸರ್ ಮೇಲೆ ಅನುಮಾನ ಬಂತು. ಕಾಯಿಲ್ಲಿನ ಕರೆಂಟನ್ನು ಕಡಿಯುವ ಪಾಯಿಂಟು ಬಿಟ್ಟುಕೊಳ್ಳುವಾಗ ಅಲ್ಲೇ ಹಾರಬೇಕಾದ ಕಿಡಿಯನ್ನು ಹೀರಿಕೊಳ್ಳುವ ಪುಟ್ಟ ಡಬ್ಬಿ ಅದು. ಅದು ಕೆಟ್ಟರೆ ಪಾಯಿಂಟು ಸುಡುತ್ತದೆ, ಪ್ಲಗ್ಗಿನ ಕಿಡಿ ಸೊರಗುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಿಂದ ಅಂಬಾಸಡರ್ ಕಾರಿನ ಕಂಡೆನ್ಸರು ತರಿಸಿ, ಟ್ಯಾಂಕಿನ ಕೆಳಗೆ ನೇತುಹಾಕಿದರು. ತಕ್ಕಮಟ್ಟಿಗೆ ಗುಣ ಕಂಡಿತು. ತಕ್ಕಮಟ್ಟಿನ ಗುಣ ರಾಯರಿಗೆ ಸಾಲದು.

ಆಗ ಕೈಗೆ ಬಂತು ಮಲ್ಟಿಮೀಟರು. ಬ್ಯಾಟರಿಯ ಹತ್ತಿರ ಹಿಡಿದರೆ 6.2 ವೋಲ್ಟು. ಕಾಯಿಲ್ಲಿನ ಹತ್ತಿರ 4.8. ರಾಯರ ಕಣ್ಣು ಅಗಲವಾಯಿತು. ಮೂವತ್ತು ಚಿಲ್ಲರೆ ವರ್ಷ ಡೇ-ಬುಕ್ ಬರೆದ ಮನುಷ್ಯನಿಗೆ 1.4 ಕಾಣೆಯಾಗುವುದೆಂದರೇನು? ಕ್ಯಾಶು ಟ್ಯಾಲಿ ಆಗದ ರಾತ್ರಿ ಶಾಖೆಯ ಶಟರ್ ಅರ್ಧ ಎಳೆದು ಹುಡುಕುವ ಹಾಗೆ, ಮಂಡಿಯೂರಿ ಹುಡುಕಲು ಶುರುಮಾಡಿದರು. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸು ದಾಟಿ, ಹೆಡ್‌ಲೈಟಿನ ಒಳಗಿರುವ ಕೀಲಿಯ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ವಾಪಸು ಟ್ಯಾಂಕಿನ ಕೆಳಗಿನ ಕಾಯಿಲ್ಲಿಗೆ ಬರಬೇಕು. ಐವತ್ತು ವರ್ಷದ ವೈರು, ಜಂಗು ಹಿಡಿದ ಜೋಡಣೆಗಳು. ಹಳೇ ಪಾಸ್‌ಬುಕ್ಕಿನ ಹಿಂದೆ ರಾಯರು ಬರೆದ ಲೆಕ್ಕ ನಾನು ಕಂಡಿದ್ದೇನೆ: ಫ್ಯೂಸಿನ ಮನೆಯಲ್ಲಿ 0.3, ಕೀಲಿಯ ಸ್ವಿಚ್ಚಿನಲ್ಲಿ 0.7, ವೈರಿನ ಗಂಟುಗಳಲ್ಲಿ 0.4. ಕೆಳಗೆ ಎರಡು ಗೆರೆ ಎಳೆದು ಸಹಿ.

ನಗಬಹುದು, ಆದರೆ ಲೆಕ್ಕ ತಪ್ಪಿಲ್ಲ. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಒಂದೂವರೆ ಕಳೆದುಹೋದರೆ ಗಾಡಿಗೆ ಗೊತ್ತೂ ಆಗುವುದಿಲ್ಲ. ಆರೇ ಇರುವ ಕಡೆ ಒಂದೂವರೆ ಹೋಯಿತೆಂದರೆ ಕಾಲು ಭಾಗ ಆಸ್ತಿ ಹೋದಂತಾಯಿತು, ಕಿಡಿಗೆ ಜೀವ ಎಲ್ಲಿಂದ ಬರಬೇಕು?

ಫ್ಯೂಸಿನ ಹಿಡಿ ಸಡಿಲವಾಗಿತ್ತು. ಅದಕ್ಕೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದರು. ರಾಯರು ಸೇದುವವರಲ್ಲ, ಬೀದಿ ತುದಿಯ ಬೀಡಾ ಅಂಗಡಿ ಮುಂದೆ ಬಿದ್ದ ಖಾಲಿ ಪ್ಯಾಕುಗಳನ್ನು ಆರಿಸುತ್ತಿದ್ದುದನ್ನು ಯಾರೋ ನೋಡಿ, ಈ ವಯಸ್ಸಿನಲ್ಲಿ ಶುರುಹಚ್ಚಿಕೊಂಡರು ಅಂತ ಸುದ್ದಿ ಹಬ್ಬಿ, ಅವರ ಅತ್ತಿಗೆ ಹಾಸನದಿಂದ ಫೋನ್ ಮಾಡಿದ್ದರು.

ಮಿಕ್ಕ ವೋಲ್ಟಿಗೆ ರಾಯರು ಕಂಡುಕೊಂಡ ಉಪಾಯ ನೇರದ್ದು: ಸುತ್ತಿ ಬರುವ ದಾರಿಯೇ ಬೇಡ. ಬ್ಯಾಟರಿಯಿಂದ ಸೀದಾ ಕಾಯಿಲ್ಲಿಗೆ, ಮನೆ ವೈರಿಂಗಿನಲ್ಲಿ ಮಿಕ್ಕಿದ್ದ ಎರಡೂವರೆ ಎಂಎಂ ತಾಮ್ರದ ವೈರು, ನಡುವೆ ಒಂದು ಸ್ವಿಚ್ಚು. ಮೊದಲ ಸಲ ಹಾಕಿದ್ದು ಟ್ಯೂಬ್‌ಲೈಟಿನ ಮಾಮೂಲಿ ಸ್ವಿಚ್ಚು. ಒಂದೇ ಕಿಕ್ಕಿಗೆ ಗಾಡಿ ಹೊರಟಿತು! ಹೊಗೆಯಲ್ಲಿ ರಾಯರೂ ಕಾಣಲಿಲ್ಲ, ಬೀದಿಯೂ ಕಾಣಲಿಲ್ಲ. ಅದೇ ಉತ್ಸಾಹದಲ್ಲಿ ಷಡ್ಡಕನ ಮಗಳ ಮದುವೆಗೆ ಹೋದರು. ಛತ್ರದ ಮುಂದೆ ನಿಲ್ಲಿಸಿ ಕೀಲಿ ತೆಗೆದರೆ ಎಂಜಿನ್ನು ನಿಲ್ಲಲಿಲ್ಲ. ಹೇಗೆ ನಿಂತೀತು? ಕರೆಂಟು ಕೀಲಿಯನ್ನು ಕೇಳಿಕೊಂಡು ಬರುತ್ತಿರಲಿಲ್ಲ. ಕೈಯಲ್ಲಿ ಕೀಲಿ, ಕೆಳಗೆ ಬಡಬಡ ಅನ್ನುವ ಜಾವಾ. ಸ್ವಿಚ್ಚನ್ನು ಅಂದಕ್ಕೆಂದು ಸೀಟಿನ ಒಳಗೆ ಬಚ್ಚಿಟ್ಟಿದ್ದರಿಂದ ಇಳಿಯದೆ ಕೈಗೆ ಸಿಗುವಂತಿಲ್ಲ, ಇಳಿದರೆ ಗಾಡಿ ಬೀಳುತ್ತದೆ, ಸ್ಟ್ಯಾಂಡಿನದು ಬೇರೆ ಕಥೆ. ವಾಲಗದವರು ಒಂದು ಕ್ಷಣ ಊದುವುದನ್ನು ನಿಲ್ಲಿಸಿ ಇತ್ತ ನೋಡಿದರು. ಕೊನೆಗೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ಚು ಬಿಟ್ಟು ಎಂಜಿನ್ನಿನ ಉಸಿರು ಕಟ್ಟಿಸಿದರು. ಸ್ವಿಚ್ಚು ಆರಿಸುವುದು ಊಟದ ಸಂಭ್ರಮದಲ್ಲಿ ಮರೆತುಹೋಯಿತು. ಹೋಳಿಗೆ ಮುಗಿಸಿ ಬರುವ ಹೊತ್ತಿಗೆ ಕಾಯಿಲ್ಲು ಮುಟ್ಟಲಾಗದಷ್ಟು ಬಿಸಿ, ಬ್ಯಾಟರಿ ಪೂರ್ತಿ ತಣ್ಣಗೆ. ವರನ ಕಡೆಯ ಹುಡುಗರು ತಳ್ಳಿಕೊಟ್ಟರು.

ತಿದ್ದುಪಡಿ ಅವತ್ತು ಸಂಜೆಯೇ ಆಯಿತು. ಸೀದಾ ದಾರಿ ಹೊರಡಿಸಲಷ್ಟೇ, ಹೊರಟ ಮೇಲೆ ಕೀಲಿಯ ಹಳೇ ದಾರಿಯೇ ಸಾಕು. ಒತ್ತಿದಾಗ ಮಾತ್ರ ಕರೆಂಟು, ಬಿಟ್ಟರೆ ಕಟ್, ಅಂಥ ಸ್ವಿಚ್ಚು ಬೇಕು. ಅಂಗಡಿಗಳು ಮುಚ್ಚಿದ್ದವು. ಬಾಗಿಲ ಪಕ್ಕ ಕಾಲಿಂಗ್ ಬೆಲ್ಲಿತ್ತು.

ಅಲ್ಲಿಂದ ಮುಂದೆ ಆ ಮನೆಗೆ ಬಂದವರು ಗೇಟು ಬಡಿಯುತ್ತಿದ್ದರು. ಗ್ಯಾಸಿನವನು ಸಿಲಿಂಡರನ್ನು ನೆಲಕ್ಕೆ ಕುಟ್ಟುತ್ತಿದ್ದ. ರಾಯರ ಹೆಂಡತಿ ನೆಂಟರಿಗೆ, "ಬೆಲ್ಲು ಗಾಡಿಗೆ ಹೋಗಿದೆ" ಅಂತ ನಿರ್ವಿಕಾರವಾಗಿ ಹೇಳುವುದನ್ನು ರೂಢಿಸಿಕೊಂಡರು. ಟ್ಯಾಂಕಿನ ಎಡಬದಿಗೆ ಟೇಪಿನಲ್ಲಿ ಸುತ್ತಿಟ್ಟ ಆ ಸ್ವಿಚ್ಚಿನ ಮೇಲೆ ಗಂಟೆಯ ಚಿತ್ರವಿತ್ತು. ಎಡ ಹೆಬ್ಬೆರಳಿನಲ್ಲಿ ಗಂಟೆ ಒತ್ತಿ, ಬಲಗೈಯಲ್ಲಿ ಆಕ್ಸಿಲರೇಟರ್ ತುಸು ಹಿಡಿದು, ಎಡಗಾಲಲ್ಲಿ ತುಳಿದರೆ ಗಾಡಿ ನಿಜವಾಗಿಯೂ ಹೊರಡುತ್ತಿತ್ತು. ಬೇರೆ ಯಾರಿಗೂ ಹೊರಡುತ್ತಿರಲಿಲ್ಲ, ಅದು ರಾಯರ ಹೆಮ್ಮೆ. "ಕಳ್ಳ ಬಂದ್ರೆ ಏನ್ ಮಾಡ್ತಾನೆ ಹೇಳಿ? ಬೆಲ್ ಮಾಡ್ತಾನಾ?"

ಕ್ಲಚ್ ಪ್ಲೇಟು ಸವೆದಾಗ ಗ್ಯಾರೇಜಿಗೆ ಹೋಗಲೇಬೇಕಾಯಿತು. ಯಾದವಗಿರಿಯ ಕಾರ್ಖಾನೆಯಲ್ಲೇ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಶೆಡ್ಡು ಹಾಕಿಕೊಂಡ ಹಳಬರೊಬ್ಬರ ಹತ್ತಿರ. ರಾಯರು ಸ್ವಿಚ್ಚು ಚೆನ್ನಾಗಿ ಕಾಣುವ ಹಾಗೆ ಗಾಡಿ ನಿಲ್ಲಿಸಿ, ಕೇಳಲಿ ಅಂತ ಕಾದರು. ಮೇಸ್ತ್ರಿ ನೋಡಿದರು, ಏನೂ ಕೇಳಲಿಲ್ಲ. ತಡೆಯಲಾರದೆ ರಾಯರೇ ಬಾಯಿಬಿಟ್ಟರು.

"ಇದಾ ಸಾರ್? ಆರು ವೋಲ್ಟಿನ ಗಾಡಿಗೆ ಡೈರೆಕ್ಟ್ ವೈರು ಎಷ್ಟೋ ಜನಕ್ಕೆ ನಾನೇ ಎಳ್ದುಕೊಟ್ಟಿದ್ದೀನಿ. ಹಾರ್ನ್ ಬಟನ್ ಹಾಕೋದು ನಾವು. ನಿಮ್ದು ಚೆನ್ನಾಗೇ ಕೂತಿದೆ, ಬಿಡಿ. ಪಾಯಿಂಟ್ ಗ್ಯಾಪು ಸ್ವಲ್ಪ ಜಾಸ್ತಿ ಇದೆ, 0.4ಕ್ಕೆ ಇಡ್ತೀನಿ."

ಬೈದಿದ್ದರೆ ರಾಯರು ವಾದ ಮಾಡುತ್ತಿದ್ದರು. ತಪ್ಪು ಅಂದಿದ್ದರೆ ಪಾಸ್‌ಬುಕ್ಕು ತೆಗೆಯುತ್ತಿದ್ದರು. ಸರಿಯಾಗಿದೆ, ಎಲ್ಲರೂ ಮಾಡುತ್ತಾರೆ ಅಂದದ್ದಕ್ಕೆ ಏನು ಉತ್ತರ ಕೊಡುವುದು? ದುಡ್ಡು ಎಣಿಸಿಕೊಟ್ಟು ಮನೆಗೆ ಬಂದರು. ಮರುದಿನ ಬೆಲ್ಲು ಗೋಡೆಗೆ ವಾಪಸಾಯಿತು, ಗಾಡಿಗೆ ಮೇಸ್ತ್ರಿಯ ಹಾರ್ನ್ ಬಟನ್ನು ಬಂತು. ಈಗಲೂ ಅವರ ಮನೆಯ ಬೆಲ್ ಒತ್ತಿದರೆ ಬೆರಳಿಗೆ ಟೂ-ಟಿ ಆಯಿಲ್ಲಿನ ವಾಸನೆ ಹತ್ತುತ್ತದೆ.

ಜಾವಾ ಈಗ ಎರಡನೇ ಕಿಕ್ಕಿಗೆ ಹೊರಡುತ್ತದೆ. ರಾಯರಿಗೆ ಭಾನುವಾರ ಕಳೆಯುವುದೇ ಕಷ್ಟವಾಗಿದೆ. ಮಗ ಹೋದ ತಿಂಗಳು ಎಲೆಕ್ಟ್ರಿಕ್ ಸ್ಕೂಟರು ತಂದ. ಸದ್ದಿಲ್ಲ, ಹೊಗೆಯಿಲ್ಲ, ಪ್ಲಗ್ಗಿಲ್ಲ, ಕಾಯಿಲ್ಲಿಲ್ಲ. ರಾಯರು ಮಲ್ಟಿಮೀಟರು ಹಿಡಿದು ಅದಕ್ಕೆ ಪ್ರದಕ್ಷಿಣೆ ಹಾಕಿ, "ಚಾರ್ಜರಿಂದ ಬ್ಯಾಟರಿಗೆ ಬರೋ ಅಷ್ಟ್ರಲ್ಲಿ ಎಷ್ಟು ಹೋಗತ್ತೋ ಯಾರು ಕಂಡೋರು" ಅಂತ ಗೊಣಗಿದ್ದನ್ನು ಮಗ ಕೇಳಿಸಿಕೊಂಡಿದ್ದಾನೆ. ಅವತ್ತಿನಿಂದ ಸ್ಕೂಟರಿನ ಕೀಲಿ ಬಚ್ಚಲಿಗೂ ಅವನ ಜೊತೆಗೇ ಹೋಗುತ್ತದೆ.