ಬೇಸಿಕ್ಸ್ ಅಪ್ಪನ ಲೇಸು ಪಾಠ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಾದರೂ ಬೆಳಗ್ಗೆ ಏಳೂವರೆಗೆ ಲಿಫ್ಟಿನ ಎದುರು ನಿಂತರೆ ಅವನು ಸಿಗುತ್ತಾನೆ. ಹೆಗಲಲ್ಲಿ ಮಗಳ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಬಾಯಲ್ಲಿ ಒಂದೇ ಮಾತು: ‘ಬೇಸಿಕ್ಸ್ ಸ್ಟ್ರಾಂಗ್ ಇರಬೇಕು ಸಾರ್.’ ಮಗ್ಗಿ ಬಾಯಿಪಾಠ ಮಾಡಿಸುವುದು ಅವನಿಗೆ ಆಗದು. ಗುಣಾಕಾರ ಯಾಕೆ ಬೇಕಾಯಿತು ಅನ್ನುವುದು ಮೊದಲು ಮಗುವಿಗೆ ಹೊಳೆಯಬೇಕು. ಹಿಟ್ಟು ಯಾಕೆ ಹುದುಗುತ್ತದೆ ಅಂತ ಅವನು ವಿವರಿಸಿ ಮುಗಿಸುವಷ್ಟರಲ್ಲಿ ತಟ್ಟೆಯ ದೋಸೆ ಆರಿ ಸೆಟೆದುಕೊಂಡಿರುತ್ತದೆ. ಅವನನ್ನು ಬೇಸಿಕ್ಸ್ ಅಪ್ಪ ಅನ್ನೋಣ. ಮಹಡಿಗೊಬ್ಬನಂತೆ ಇರುತ್ತಾನೆ. ನಿಮ್ಮ ಮಹಡಿಯಲ್ಲಿ ಕಾಣದಿದ್ದರೆ ಅದು ನೀವೇ ಇರಬಹುದು.

ಮಗಳಿಗೆ ಆರು ವರ್ಷ. ಒಂದನೇ ಕ್ಲಾಸಿಗೆ ವೆಲ್ಕ್ರೋ ಶೂ ಸಾಕು ಅಂತ ಶಾಲೆಯವರೇ ಹೇಳಿದ್ದಾರೆ. ನಲವತ್ತು ಮಕ್ಕಳ ಎಂಬತ್ತು ಲೇಸಿನ ಮುಂದೆ ಮಂಡಿಯೂರಿ ಸುಸ್ತಾದ ಯಾವುದೋ ಟೀಚರಮ್ಮ ಮಾಡಿಸಿದ ನಿಯಮ ಅದು, ಸಂಶಯವೇ ಇಲ್ಲ. ಆದರೆ ಬೇಸಿಕ್ಸ್ ಅಪ್ಪನ ಪ್ರಕಾರ ವೆಲ್ಕ್ರೋ ಹಾಕುವುದು ಕಾಪಿ ಹೊಡೆದು ಪಾಸಾದ ಹಾಗೆ. ಅದರ ಜಾತಕ ಅವನಲ್ಲಿದೆ. 1941ರಲ್ಲಿ ಜಾರ್ಜ್ ದ ಮೆಸ್ಟ್ರಾಲ್ ಎಂಬ ಸ್ವಿಸ್ ಎಂಜಿನಿಯರ್ ನಾಯಿ ಕರೆದುಕೊಂಡು ತಿರುಗಾಡಲು ಹೋದ, ನಾಯಿಯ ಮೈಗೆ ಮುಳ್ಳುಕಾಯಿ ಅಂಟಿತು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಕ್ಕೆಗಳು, 1955ರಲ್ಲಿ ಪೇಟೆಂಟು. ‘ತಲೆ ಓಡಿಸಿದ್ದು ಅವನು. ಪರ್‌ಪರ್ ಅಂತ ಕಿತ್ತು ಹಾಕೋದು ನನ್ನ ಮಗಳು. ಇದರಲ್ಲಿ ಅವಳ ಕಲಿಕೆ ಎಲ್ಲಿ ಬಂತು?’

ಹಾಗಾಗಿ ಶನಿವಾರದ ಪಿಟಿಗೆ ಬಂದ ಬಿಳಿ ಕ್ಯಾನ್ವಾಸ್ ಶೂ ಅವನ ಹಟದಿಂದ ಲೇಸಿನದೇ ಆಯಿತು.

ಮೊದಲು ಸಂಶೋಧನೆ. ಟೆರ್ರಿ ಮೂರ್ ಅನ್ನುವವರ ಟೆಡ್ ಭಾಷಣ ಇದೆ, ಮೂರು ನಿಮಿಷದ್ದು. ಲೇಸು ಕಟ್ಟಿದ ಮೇಲೆ ಗಂಟಿನ ಎರಡು ಕುಣಿಕೆಗಳು ಶೂಗೆ ಅಡ್ಡವಾಗಿ ಕೂತರೆ ಗಂಟು ಗಟ್ಟಿ. ಬೆರಳಿಂದ ಹಿಮ್ಮಡಿಯ ಕಡೆಗೆ ಉದ್ದುದ್ದ ತಿರುಗಿದರೆ ಅದು ಗ್ರ್ಯಾನಿ ನಾಟ್, ನಾಲ್ಕು ಹೆಜ್ಜೆಗೆ ಸಡಿಲ. ರಾತ್ರಿ ಹನ್ನೊಂದಕ್ಕೆ ಬೇಸಿಕ್ಸ್ ಅಪ್ಪ ಶೂ ಸ್ಟ್ಯಾಂಡಿಗೆ ಹೋಗಿ ತನ್ನ ಆಫೀಸಿನ ಶೂ ನೋಡಿದ. ಉದ್ದುದ್ದ ಇತ್ತು. ಕ್ಯಾಂಪಸ್ ಇಂಟರ್‌ವ್ಯೂನಿಂದ ಇಲ್ಲಿಯವರೆಗಿನ ಅಷ್ಟೂ ಗಂಟುಗಳು ತಪ್ಪು! ಹೆಂಡತಿಯನ್ನು ಎಬ್ಬಿಸಿ ಹೇಳಿದ. ಅವಳು ಆ ಕಡೆ ಮಗ್ಗಲಾದಳು.

ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನೆ ಸಿಕ್ಕಿತು. ಅಲ್ಲಿನ ಪ್ರೊಫೆಸರ್ ಆಲಿವರ್ ಓರೈಲಿಗೂ ಮಗಳಿಗೆ ಲೇಸು ಕಟ್ಟಿಸುವಾಗಲೇ ಪ್ರಶ್ನೆ ಹುಟ್ಟಿದ್ದಂತೆ: ಇದು ತಾನಾಗಿ ಯಾಕೆ ಬಿಚ್ಚಿಕೊಳ್ಳುತ್ತದೆ? ಅವರ ತಂಡ ಟ್ರೆಡ್‌ಮಿಲ್ ಮೇಲೆ ಓಡಿಸಿ, ನಿಧಾನಗತಿಯ ಕ್ಯಾಮರಾ ಇಟ್ಟು, 2017ರಲ್ಲಿ ಉತ್ತರ ಕೊಟ್ಟಿತು. ಓಡುವ ಪಾದ ನೆಲಕ್ಕೆ ಬಡಿಯುವಾಗ ಗುರುತ್ವಾಕರ್ಷಣೆಯ ಸುಮಾರು ಏಳು ಪಟ್ಟು ಹೊಡೆತ; ಅದು ಗಂಟನ್ನು ಸಡಿಲಿಸುತ್ತದೆ. ಕಾಲು ಬೀಸಿದಾಗ ಲೇಸಿನ ತುದಿಗಳು ಚಾಟಿಯಾಡಿ ಹೊರಗೆಳೆಯುತ್ತವೆ. ಸಡಿಲವಾಗುವುದು ಶುರುವಾದರೆ ಕೆಲವೇ ಕ್ಷಣಗಳಲ್ಲಿ ಮುಗಿಯಿತು. ಇದನ್ನೋದಿ ಬೇಸಿಕ್ಸ್ ಅಪ್ಪನ ಕಣ್ಣು ತೇವವಾಯಿತು. ಜಗತ್ತಿನಲ್ಲಿ ತಾನೊಬ್ಬನೇ ಅಲ್ಲ.

ಶುಕ್ರವಾರ ಸಂಜೆ ಪಾಠ. ಎದುರು ಕೂತರೆ ಎಡ ಬಲ ಅದಲುಬದಲಾಗಿ ಮಗು ಗೊಂದಲಕ್ಕೆ ಬೀಳುತ್ತದೆ, ಆದ್ದರಿಂದ ಹಿಂದೆ ಕೂತು ಕಲಿಸಬೇಕು. ಇದು ವೀಡಿಯೊ ವಾಕ್ಯ. ಹಿಂದೆ ಕೂತ. ಮಗಳ ಜಡೆ ಬಾಯಿಗೆ ಬಂತು, ಶೂ ಕಾಣಲಿಲ್ಲ.

‘ನೋಡು ಪುಟ್ಟ, ಇದು ಮರ. ಇದು ಮೊಲ. ಮೊಲ ಮರ ಸುತ್ತಿ ಬಿಲದೊಳಗೆ ಹೋಗುತ್ತೆ.’

‘ಯಾಕೆ ಸುತ್ತುತ್ತೆ?’

ಯಾಕೆ ಅಂತ ಕೇಳುವುದನ್ನು ಕಲಿಸಿದವನೇ ಇವನು. ಈಗ ಉತ್ತರವಿಲ್ಲ. ನಾಯಿ ಅಟ್ಟಿಸಿಕೊಂಡು ಬಂತು ಅಂದ. ಮುಂದಿನ ಕಾಲು ಗಂಟೆ ಮಗಳು ಮೊಲದ ಚಿಂತೆಯಲ್ಲಿದ್ದಳು, ಲೇಸು ನೆಲದ ಮೇಲಿತ್ತು. ಮೊಲ ಬಿಟ್ಟು ಭೌತಶಾಸ್ತ್ರಕ್ಕೆ ಬಂದ: ಘರ್ಷಣೆ, ಬಲ, ಏಳು ಪಟ್ಟು. ಅಡುಗೆಮನೆಯಿಂದ ಪ್ರಶ್ನೆ ಬಂತು: ‘ಅವಳು ಶೂ ಹಾಕ್ಕೋಬೇಕಾ, ಥೀಸಿಸ್ ಬರೀಬೇಕಾ?’

ಇನ್ನೊಂದು ಅನಾಹುತ. ಮಗಳಿಗೆ ಕಾಣಲಿ ಅಂತ ಒಂದೊಂದೇ ಹೆಜ್ಜೆ ನಿಧಾನವಾಗಿ ತೋರಿಸಲು ಹೋದರೆ ಅವನಿಗೇ ಗಂಟು ಬರುತ್ತಿಲ್ಲ. ಎರಡನೇ ಕುಣಿಕೆ ಯಾವ ಕಡೆಯಿಂದ? ಕಣ್ಣು ಮುಚ್ಚಿ ಸರಕ್ಕನೆ ಕಟ್ಟಿದರೆ ಬರುತ್ತದೆ, ಯೋಚಿಸಿದರೆ ಕಗ್ಗಂಟು. ಈ ವಿದ್ಯೆ ಇರುವುದು ಬೆರಳಲ್ಲಿ. ತಲೆ ಮೂಗು ತೂರಿಸಿದ ಕೂಡಲೇ ಬೆರಳು ಮುಷ್ಕರ ಹೂಡುತ್ತದೆ. ಕೊನೆಗೆ ಬಿದ್ದ ಬ್ರಹ್ಮಗಂಟನ್ನು ಫೋರ್ಕ್‌ನಿಂದ ಬಿಡಿಸಬೇಕಾಯಿತು.

ಅಜ್ಜಿ ಟಿವಿ ಮುಂದೆ ಕೂತು ಬಾಳೆನಾರಿನಲ್ಲಿ ಕಾಕಡ ಹೂ ಕಟ್ಟುತ್ತಿದ್ದರು. ಕಣ್ಣು ಧಾರಾವಾಹಿಯಲ್ಲಿ, ಬೆರಳು ತನ್ನ ಪಾಡಿಗೆ ಕುಣಿಕೆ ಹಾಕುತ್ತಿತ್ತು, ಹೂ ಇಡುತ್ತಿತ್ತು, ಎಳೆಯುತ್ತಿತ್ತು. ಜಾಹೀರಾತು ಬಂದಾಗ ಈ ಕಡೆ ತಿರುಗಿದರು.

‘ಏನೋ ಅದು ಗಲಾಟೆ? ಏಳನೇ ಕ್ಲಾಸ್ ತನಕ ನಿನ್ನ ಲೇಸು ನಾನೇ ಕಟ್ಟಿದ್ದು. ಬಾ ಚಿನ್ನಿ ಇಲ್ಲಿ.’

ಬೇಸಿಕ್ಸ್ ಅಪ್ಪನಿಗೆ ಆ ಕ್ಷಣ ಫೋನ್ ಬಂದಂತಾಯಿತು, ಬಾಲ್ಕನಿಗೆ ಹೋದ.

ಅಜ್ಜಿ ಮಗುವಿನ ಎದುರು ಕೂತರು. ವಿವರಣೆಯಿಲ್ಲ, ಮೊಲವಿಲ್ಲ. ‘ಹೂಂ, ಹೀಗೆ’, ‘ಹೂಂ, ಎಳಿ’ ಅಷ್ಟೇ. ಮಗಳು ಕಟ್ಟಿದಳು. ಬಾಲ್ಕನಿಯಿಂದ ಬಂದವನು ನಿಂತಲ್ಲೇ ಕಾರಣ ಹುಡುಕಿದ, ಹುಡುಕಿದ್ದು ಸರಿಯೂ ಇತ್ತು: ಮಗಳು ಎಡಗೈಯವಳು. ಬಲಗೈಯವರು ಹಿಂದೆ ಕೂತರೆ ಅವಳಿಗೆ ಎಲ್ಲವೂ ಉಲ್ಟಾ. ಎದುರು ಕೂತರೆ ಕನ್ನಡಿಯಲ್ಲಿ ನೋಡಿ ಮಾಡಿದಷ್ಟು ಸಲೀಸು. ಚಿತ್ರ ಬರೆದು ಅಮ್ಮನಿಗೆ ತೋರಿಸಿದ. ಧಾರಾವಾಹಿ ಮತ್ತೆ ಶುರುವಾಗಿತ್ತು.

ಬಗ್ಗಿ ಶೂ ನೋಡಿದರೆ ಕುಣಿಕೆಗಳು ಉದ್ದುದ್ದ ತಿರುಗಿದ್ದವು. ‘ಇದು ನಿಲ್ಲಲ್ಲಮ್ಮ, ಬರ್ಕ್ಲಿಯಲ್ಲಿ...’ ಅಂದವನಿಗೆ ಅಮ್ಮ, ನಿಂದು ಇಪ್ಪತ್ತು ವರ್ಷ ನಿಂತಿತಲ್ಲ ಅಂದರು.

ಶನಿವಾರ ಲಿಫ್ಟು ಇಳಿಯುವಷ್ಟರಲ್ಲಿ ಬಿಚ್ಚಿತು. ಬೇಸಿಕ್ಸ್ ಅಪ್ಪನ ಮುಖ ಅರಳಿತು, ಸಿದ್ಧಾಂತ ಗೆದ್ದಿತ್ತು. ಮಗಳ ಮುಖ ಇನ್ನೂ ಅರಳಿತು. ಗೇಟಿನಲ್ಲೇ ಕುಕ್ಕರಗಾಲಲ್ಲಿ ಕೂತು ಕಟ್ಟಿದಳು. ಎದ್ದಳು, ಎರಡು ಸಲ ಕುಣಿದಳು, ಬಿಚ್ಚಲಿಲ್ಲ. ಬೇಜಾರಾಗಿ ತಾನೇ ಒಂದು ತುದಿ ಹಿಡಿದೆಳೆದು ಬಿಚ್ಚಿಕೊಂಡು ಮತ್ತೆ ಕೂತಳು. ವ್ಯಾನಿನವನು ಹಾರ್ನ್ ಹೊಡೆದ. ‘ಅಂಕಲ್, ಒಂದೇ ನಿಮಿಷ, ಕಟ್ಕೋತಾ ಇದೀನಿ’ ಅಂದಳು, ಊರಿಗೆಲ್ಲ ಕೇಳುವ ಹಾಗೆ. ಬೇಸಿಕ್ಸ್ ಅಪ್ಪ ಅಷ್ಟರಲ್ಲಿ ಫೋನು ತೆಗೆದು, ಸೈಕಲ್ಲು ಬೀಳದೆ ನಿಲ್ಲುವುದು ಯಾಕೆ ಅಂತ ಓದಲು ಶುರುಮಾಡಿದ್ದ.