ಸ್ಟೆರೈಲ್ ಗ್ಲೌಸ್: ಬಳಕೆದಾರರಿಗೆ ಸೂಚನೆಗಳು

ಅಭಿನಂದನೆಗಳು! ನಿಮ್ಮ ಮುಂದಿರುವುದು ಒಂದು ಜೊತೆ ಸರ್ಜಿಕಲ್ ಗ್ಲೌಸ್. ನರ್ಸ್ ಬರೆದುಕೊಟ್ಟ ಚೀಟಿ ಹಿಡಿದು ಎದುರಿನ ಮೆಡಿಕಲ್ ಸ್ಟೋರಿಗೆ ಓಡಿ ಇದನ್ನು ತಂದವನು ರೋಗಿಯ ಬಾಮೈದ. ಆರೂವರೆ ಸೈಜೋ ಏಳೂವರೆಯೋ ಅವನಿಗೆ ತಿಳಿಯದು, ಅಂಗಡಿಯವನು ಇದ್ದದ್ದನ್ನು ಕೊಟ್ಟಿದ್ದಾನೆ. ದೊಡ್ಡದಾದರೆ ಬೆರಳ ತುದಿಯಲ್ಲಿ ಜೋಲುವ ರಬ್ಬರು ಹೊಲಿಗೆಯ ಗಂಟಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕದಾದರೆ ಆಪರೇಷನ್ ಮುಗಿಯುವ ಮೊದಲೇ ಬೆರಳು ಜೋಮು ಹಿಡಿಯುತ್ತದೆ. ದಯವಿಟ್ಟು ಬದಲಾಯಿಸಿ ತರಿಸಿ.

ಧರಿಸುವ ಮುನ್ನ

ಕೈ ತೊಳೆಯಿರಿ. ಹೇಗೂ ಗ್ಲೌಸ್ ಹಾಕುತ್ತೇವಲ್ಲ, ತೊಳೆಯುವುದೇಕೆ ಎನ್ನುವವರು ಈ ಕಾಗದವನ್ನು ಇಲ್ಲಿಗೇ ಮಡಿಸಿಟ್ಟು ಬೇರೆ ಕೆಲಸ ಹುಡುಕಿಕೊಳ್ಳಬಹುದು. ಹೊಸ ಗ್ಲೌಸಿನಲ್ಲೂ ಕಣ್ಣಿಗೆ ಕಾಣದ ತೂತುಗಳಿರಬಹುದು. ಒಳಗಿನ ಬೆಚ್ಚನೆಯ ಬೆವರು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ.

ಧರಿಸುವ ಕ್ರಮ

ಹೊರಗಿನ ಕವರನ್ನು ಸಹಾಯಕರು ಹರಿಯಲಿ. ಒಳಗಿನ ಕಾಗದ ಬಿಡಿಸಿದರೆ ಎಡ–ಬಲ ಗುರುತಿನ ಎರಡು ಗ್ಲೌಸುಗಳು, ಮಣಿಕಟ್ಟಿನ ಅಂಚು ಹೊರಕ್ಕೆ ಮಡಚಿಕೊಂಡು ಮಲಗಿರುತ್ತವೆ. ಎಡಗೈಯಿಂದ ಬಲ ಗ್ಲೌಸಿನ ಮಡಿಕೆಯನ್ನಷ್ಟೇ ಹಿಡಿದು ಬಲಗೈ ತೂರಿಸಿ. ಈಗ ಗ್ಲೌಸ್ ತೊಟ್ಟ ಬೆರಳುಗಳನ್ನು ಎಡ ಗ್ಲೌಸಿನ ಮಡಿಕೆಯ ಒಳಗೆ ಹಾಕಿ ಎತ್ತಿ. ಬರಿಗೈ ಒಳಮೈಯನ್ನು ಮಾತ್ರ ಮುಟ್ಟಬೇಕು, ಗ್ಲೌಸಿನ ಕೈ ಹೊರಮೈಯನ್ನು ಮಾತ್ರ. ಮಡಿ ಅಜ್ಜಿಯ ಅಡುಗೆಮನೆ ನೋಡಿ ಬೆಳೆದವರಿಗೆ ಇದು ಒಂದೇ ಸಲಕ್ಕೆ ಹತ್ತುತ್ತದೆ. ಇಲ್ಲಿನ ಮೈಲಿಗೆಗೆ ಲ್ಯಾಬ್ ರಿಪೋರ್ಟ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಮೂಲಪುರುಷರು

1889ರ ಹೊತ್ತಿಗೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಾದರಸದ ದ್ರಾವಣಕ್ಕೆ ನರ್ಸ್ ಕ್ಯಾರೊಲೀನ್ ಹ್ಯಾಂಪ್ಟನ್ ಅವರ ಕೈ ಚರ್ಮ ಬಿರಿಯತೊಡಗಿತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವರಿಗಾಗಿ ತೆಳು ಗ್ಲೌಸ್ ಮಾಡಿಸಿದರು. 1890ರಲ್ಲಿ ಮದುವೆಯೂ ಆದರು. ರೋಗಿಯ ಯೋಚನೆ ಬಂದದ್ದು ತಡವಾಗಿ. ಗ್ಲೌಸ್ ಹಾಕಿ ಮಾಡಿದ ಹರ್ನಿಯಾ ಆಪರೇಷನ್ನುಗಳಲ್ಲಿ ಸೋಂಕು ಶೇ. 17ರಿಂದ ಶೇ. 2ರ ಆಸುಪಾಸಿಗೆ ಇಳಿದದ್ದನ್ನು 1899ರಲ್ಲಿ ಅದೇ ಆಸ್ಪತ್ರೆಯ ಸರ್ಜನ್ ಜೋಸೆಫ್ ಬ್ಲಡ್‌ಗುಡ್ ವರದಿ ಮಾಡಿದರು.

ಎಚ್ಚರಿಕೆ

ಈ ಉತ್ಪನ್ನಕ್ಕೆ ಒಂದು ಅಡ್ಡಪರಿಣಾಮವಿದೆ. ತೊಟ್ಟವರಿಗೆ ತಾವು ಶುದ್ಧ ಎಂಬ ಭ್ರಮೆ ಹತ್ತುತ್ತದೆ. ಥಿಯೇಟರಿನಲ್ಲಿ ಇದು ಅಪರೂಪ, ಅಲ್ಲಿ ಬೈಯುವವರಿದ್ದಾರೆ. ವಾರ್ಡಿನಲ್ಲಿ ನೋಡಿ. ಮೂರನೇ ಹಾಸಿಗೆಯವರ ಮೂತ್ರದ ಚೀಲ ಖಾಲಿ ಮಾಡಿದ ಕೈ ಪರದೆ ಸರಿಸುತ್ತದೆ, ಕೇಸ್‌ಶೀಟ್ ತಿರುವುತ್ತದೆ, ಜೇಬಿನ ಫೋನ್ ಕಿವಿಗಿಡುತ್ತದೆ, ನಾಲ್ಕನೇ ಹಾಸಿಗೆಯವರ ಡ್ರಿಪ್ ಸರಿಮಾಡುತ್ತದೆ. ಅದೇ ಗ್ಲೌಸು! ಬರಿಗೈಯಾಗಿದ್ದರೆ ಅಂಟಂಟು ಎನಿಸಿ ಒಮ್ಮೆಯಾದರೂ ತೊಳೆಯುತ್ತಿದ್ದರು. ಕೊರೊನಾ ಕಾಲದಲ್ಲಂತೂ ಗ್ಲೌಸಿನ ಬೆರಳನ್ನೇ ನಾಲಗೆಗೆ ತಾಗಿಸಿ ನೋಟೆಣಿಸಿದ ಅಂಗಡಿಯವರನ್ನು ನಾವೆಲ್ಲ ಕಂಡಿದ್ದೇವೆ.

ವಿಲೇವಾರಿ

ಒಳಮೈ ಹೊರಗಾಗುವಂತೆ ಬಿಚ್ಚಿ ಕೆಂಪು ಚೀಲಕ್ಕೆ ಹಾಕಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಗ್ಲೌಸಿನ ಜಾಗ ಅದು. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ. ಸೂಜಿ ತೂತಾಗದ ಬಿಳಿ ಡಬ್ಬಕ್ಕೆ. ತೊಳೆದು, ಗಾಳಿ ಊದಿ ತೂತು ಪರೀಕ್ಷಿಸಿ, ಪೌಡರ್ ಹಚ್ಚಿ ಮತ್ತೆ ಬಳಸುವ ಹಳೆಯ ಪದ್ಧತಿ ಈ ಮಾಡೆಲ್‌ಗೆ ಅನ್ವಯಿಸುವುದಿಲ್ಲ. ಬಿಚ್ಚಿದ ಮೇಲೂ ಕೈ ತೊಳೆಯಿರಿ.

ರೋಗಿಯ ಕಡೆಯವರಿಗೆ: ಪಕ್ಕದ ಹಾಸಿಗೆಯಿಂದ ಅದೇ ಗ್ಲೌಸಿನಲ್ಲಿ ಯಾರಾದರೂ ಬಂದರೆ, “ಸಿಸ್ಟರ್, ಗ್ಲೌಸ್ ಬದಲಾಯಿಸ್ತೀರಾ?” ಎಂದು ಕೇಳಿ. ಡಾಕ್ಟರಾದರೂ ಕೇಳಿ. ಬೇಕಿದ್ದರೆ ಬಾಮೈದ ಇನ್ನೊಂದು ಜೊತೆ ತರುತ್ತಾನೆ.