ಸೋಲೋ ಮೀಮಾಂಸೆ

ಇಂಡಿ ಗಿಟಾರಿಗ ಎಂಬ ಸಮಾಸದ ಪೂರ್ವಪದವನ್ನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಜೋಡಿಸಿ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಈ ಕಲಾವಿದನ ಹುಳಿ ಮುಖಕ್ಕೆ ಇಂಡಿಯ ನಿಂಬೆಯೇ ಕಾರಣವೆಂದು ಸಾಧಿಸುವ ಮತವು ಇಲ್ಲಿ ಗ್ರಾಹ್ಯವಲ್ಲ. ಇಂಡಿ ಎಂದರೆ ಕಂಪನಿಯಾಗಲಿ ನಿರ್ಮಾಪಕನಾಗಲಿ ಬಂಡವಾಳ ಹೂಡದೆ, ಸ್ವಂತ ಖರ್ಚಿನಲ್ಲಿ, ಅಂದರೆ ಅಪ್ಪನ ಅಡಿಕೆಯ ದುಡ್ಡಿನಲ್ಲಿ, ಹಾಡು ಹೊರತರುವವನು ಎಂದೇ ತಿಳಿಯತಕ್ಕದ್ದು. ಆದರೆ ಸೋಲೋ ಎಂಬುದನ್ನು ‘ಒಂಟಿ’ ಎಂಬರ್ಥದ ಇಟಾಲಿಯನ್ ಶಬ್ದವೆಂದು ಬಿಟ್ಟುಕೊಡುವ ಅವಸರ ಬೇಡ. ಬಾರೋ, ಹೋಗೋ ಎಂಬಂತೆಯೇ ಇದೂ ‘ಸೋಲು’ ಧಾತುವಿನ ಏಕವಚನ ವಿಧ್ಯರ್ಥರೂಪವಾಗಿದ್ದು, ಮನೆಯ ಹಿರಿಯರ ಬಾಯಲ್ಲಿ ಎರಡೂ ಅರ್ಥಗಳು ಒಟ್ಟಿಗೇ ಹೊರಡುತ್ತವೆ.

ಸಾಗರ ಸೀಮೆಯ ಅತಿ ಪ್ರಾಚೀನ ಬ್ಯಾಂಡು ಜೋಗದ್ದು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ವರು ಸದಸ್ಯರು 253 ಮೀಟರ್ ಎತ್ತರದ ವೇದಿಕೆಯಲ್ಲಿ ಅನಾದಿಯಿಂದ ನಡೆಸಿಕೊಂಡು ಬಂದಿದ್ದ ಕಛೇರಿಯು, 1964ರ ಲಿಂಗನಮಕ್ಕಿ ಅಣೆಕಟ್ಟಿನ ತರುವಾಯ ಮಳೆಗಾಲಕ್ಕೆ ಸೀಮಿತಗೊಂಡು, ಬೇಸಿಗೆಯಲ್ಲಿ ಬರಿಯ ಗುನುಗಾಗಿ ಉಳಿಯಿತು. ಶರಾವತಿಯ ಆ ಬಲವು ಕೊಳವೆಗಳಲ್ಲಿ ಇಳಿದು, ವಿದ್ಯುತ್ತಾಗಿ, ಬೆಂಗಳೂರಿನ ಆಂಪ್ಲಿಫೈಯರುಗಳನ್ನು, ಅಂದರೆ ಸಣ್ಣ ಸದ್ದನ್ನು ಅಕ್ಕಪಕ್ಕದವರಿಗೂ ಹಂಚುವ ಪೆಟ್ಟಿಗೆಗಳನ್ನು, ಸೇರುತ್ತದೆ. ನೀರು ಕೊಟ್ಟ ಸೀಮೆಯಲ್ಲಾದರೋ ಒಂದು ಮರ ತಂತಿಯ ಮೇಲೆ ಒರಗಿದರೆ ವಾರಗಟ್ಟಲೆ ಕತ್ತಲೆ. ಇಲ್ಲಿಯ ಗಿಟಾರಿಗನು ವಿದ್ಯುತ್ತಿಲ್ಲದ ಮರದ ಗಿಟಾರನ್ನು ಆರಿಸಿಕೊಂಡದ್ದು ರಸದೃಷ್ಟಿಯಿಂದ ಎಂಬ ವಿಮರ್ಶಕರ ಮಾತನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಬೇರೆಡೆ ಕಲಾವಿದನು ಬ್ಯಾಂಡನ್ನು ಬಿಟ್ಟು ಸೋಲೋ ಆಗುತ್ತಾನೆ. ಈ ಮೂರು ತಾಲ್ಲೂಕುಗಳಲ್ಲಿ ಬ್ಯಾಂಡೇ ಅವನನ್ನು ಬಿಟ್ಟು ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತದೆ. ಅನಂತರ ಉಳಿಯುವವರು ಅವನೂ ಮಳೆಯೂ ಮಾತ್ರ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಸಹವಾದಕನಿಗೆ ತಾಳವಿದೆ, ನಿಲುಗಡೆಯಿಲ್ಲ. ಮೇಲಾಗಿ ತೇವಕ್ಕೆ ಮರ ಉಬ್ಬಿ, ತಂತಿಗೆ ತುಕ್ಕು ಹಿಡಿದು, ಮಧ್ಯಾಹ್ನ ಕೂಡಿಸಿದ ಶ್ರುತಿ ಸಂಜೆಗೆ ಬೇರೊಂದು ಪಂಥಕ್ಕೆ ಸೇರಿರುತ್ತದೆ. ಆದಕಾರಣ ಜೂನ್ ತಿಂಗಳಲ್ಲಿ ಗಿಟಾರು ಒಲೆಯ ಮೇಲಣ ಅಟ್ಟವನ್ನೇರಿ, ವಾಟೆಹುಳಿ, ಹಪ್ಪಳದ ಡಬ್ಬ ಮತ್ತು ಬೀಜದ ಸೌತೆಕಾಯಿಗಳ ನಡುವೆ ಹೊಗೆ ಕುಡಿಯುತ್ತ ದೀಪಾವಳಿಯವರೆಗೆ ಚಾತುರ್ಮಾಸ್ಯ ಆಚರಿಸುತ್ತದೆ. ದೀಪಾವಳಿ ಕಳೆದು ಅದು ಕೆಳಗಿಳಿಯುವ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗುವುದರಿಂದ ವೃತ್ತಿಜೀವನವು ಫೆಬ್ರುವರಿಗೆ ಮುಂದೂಡಲ್ಪಡುತ್ತದೆ. ಅವನು ಕಣ್ಮರೆಯಾದನೆಂದು ನಗರದ ಅಭಿಮಾನಿಗಳು ಹೇಳುವ ಕಾಲದಲ್ಲಿ ಅವನು ಅಡಿಕೆ ಬೇಯಿಸುತ್ತಿರುತ್ತಾನೆ.

ತುಲನೆಗಾಗಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರನ್ನು ನೋಡಬಹುದು. ಸೂಕ್ಷ್ಮಜೀವಿಶಾಸ್ತ್ರವನ್ನೂ ಭರತನಾಟ್ಯವನ್ನೂ ಕಲಿತ, ಗಿಟಾರಿಗೂ ಒಲಿದ ಅವರು, ‘ಅಂತರಾಗ್ನಿ’ ಎಂಬ ತಂಡ ಚದುರಿದ ಮೇಲೆ 2008ರಲ್ಲಿ ತಮ್ಮದೇ ಹೆಸರಿನಲ್ಲಿ ಆಲ್ಬಮ್ ಹೊರತಂದು, ಶಿಶುನಾಳ ಷರೀಫರ ತತ್ವಪದಗಳನ್ನು ಪರದೇಶದ ವೇದಿಕೆಗಳಿಗೂ ಒಯ್ದರು. ಒಬ್ಬರೇ ಆದ ಮೇಲೂ ಜೊತೆಗೆ ಹಲವರು ಬೇಕಾದ್ದರಿಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಕರೆದುಕೊಂಡದ್ದು ತರ್ಕಸಮ್ಮತವೇ. ಆದರೆ ಈ ಹೆಸರು ಹೊಸನಗರದಲ್ಲಿ ನಡೆಯದು: ಶರಾವತಿ, ವಾರಾಹಿ, ಚಕ್ರಾ ಎಂದು ಒಂದಾದ ಮೇಲೊಂದು ಅಣೆಕಟ್ಟಿನ ಯೋಜನೆ ಕಂಡ ಆ ತಾಲ್ಲೂಕಿನಲ್ಲಿ ಪ್ರಾಜೆಕ್ಟ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಶ್ರೋತೃಗಳು ಕೇಳುವುದು ರಾಗವನ್ನಲ್ಲ, ಯಾರ ತೋಟ ಮುಳುಗುತ್ತದೆ ಎಂಬುದನ್ನು.

ಷರೀಫರನ್ನೇ ಗಿಟಾರಿನ ಹಂಗಿಲ್ಲದೆ ಹಾಡಿ ಗೆದ್ದ ಶಿವಮೊಗ್ಗ ಸುಬ್ಬಣ್ಣನವರು 1938ರಲ್ಲಿ ಇದೇ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಕನ್ನಡ ಹಿನ್ನೆಲೆ ಗಾಯಕರೆನಿಸಿದರು. ಹುಟ್ಟಿದ್ದು ನಗರ, ಹೆಸರಿನ ಮುಂದಿರುವುದು ಶಿವಮೊಗ್ಗ, ನೆಲೆಸಿದ್ದು ಬೆಂಗಳೂರು ಎಂಬ ಕ್ರಮವನ್ನು ಗಮನಿಸಿದರೆ, ಈ ಸೀಮೆಯ ಗಾಯಕನು ಹುಡುಕುವವರಿಗಿಂತ ಸದಾ ಒಂದು ಬಸ್‌ಸ್ಟ್ಯಾಂಡ್ ಮುಂದಿರುತ್ತಾನೆಂಬ ಸೂತ್ರವನ್ನು ಕಟ್ಟಬಹುದು. ಅವರು ವಕೀಲರೂ ಆಗಿದ್ದರೆಂಬುದನ್ನು ಯುವ ಗಿಟಾರಿಗರ ತಾಯಂದಿರು ಈ ಪ್ರಬಂಧಕ್ಕಿಂತ ಮೊದಲೇ, ಹೆಚ್ಚು ಸಮರ್ಥವಾಗಿ, ಉಲ್ಲೇಖಿಸಿದ್ದಾರೆ.

ಸದ್ಯ ಇಂಡಿ ಗಿಟಾರಿಗನೆಂಬ ಈ ಜೀವಿಯ ದರ್ಶನಕ್ಕೆ ಅನುಕೂಲವಾದ ತಾಣವೆಂದರೆ ಹೋಂಸ್ಟೇ, ಅಂದರೆ ಬೆಂಗಳೂರಿನವರು ಹಣ ಕೊಟ್ಟು ಇಂಬಳ ಹತ್ತಿಸಿಕೊಳ್ಳುವ ಮನೆ. ಅಲ್ಲಿ ಬೆಂಕಿಯ ಪಕ್ಕ ಅವನು ಸ್ವಂತ ರಚನೆಯ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಯಾರೋ ಸಿನಿಮಾ ಹಾಡು ಕೇಳುತ್ತಾರೆ. ಆ ಸ್ವಂತ ರಚನೆಯ ಸ್ವರಲಿಪಿಯನ್ನು ಇಲ್ಲಿ ಕೊಡಬೇಕಾಗಿತ್ತು. ಕರೆಂಟು ಬಂದ ಮೇಲೆ ಕೊಡಲಾಗುವುದು.